ರಂಗೋಲಿ ಇಲ್ಲದ ಬಾಗಿಲು

ನನ್ನ ಗಂಡ ಸಾಹಿತ್ಯ ವಿಮರ್ಶಕರು. ಇದನ್ನು ನಾನು ಹೇಳಬೇಕಾಗಿಲ್ಲ, ಬಸವೇಶ್ವರನಗರದ ನಮ್ಮ ಮನೆಯ ಗೇಟಿನ ಪಕ್ಕದಲ್ಲಿರುವ ಕಪ್ಪು ಕಲ್ಲಿನ ಫಲಕವೇ ಹೇಳುತ್ತದೆ. ಹೆಸರು, ಹೆಸರಿನ ಹಿಂದೆ ಪ್ರೊಫೆಸರ್, ಹೆಸರಿನ ಕೆಳಗೆ ವಿಮರ್ಶಕರು. ನನ್ನ ಹೆಸರು ಗ್ಯಾಸ್ ಪುಸ್ತಕದಲ್ಲಿದೆ.

ಕೆಲವು ವರ್ಷ ಪ್ರತಿ ಭಾನುವಾರ ಒಂದು ದಿನಪತ್ರಿಕೆಯ ಪುರವಣಿಯಲ್ಲಿ ಅವರ ಅಂಕಣ ಬರುತ್ತಿತ್ತು. ಹೊಸದಾಗಿ ಬಂದ ಜನಪ್ರಿಯ ಕಾದಂಬರಿಗಳ ವಿಮರ್ಶೆ. ಮಾಯಾಲೋಕದ ರಾಜಕುಮಾರರನ್ನು ಪ್ರೀತಿಸುವ ಹುಡುಗಿಯರ ಕಥೆಗಳು, ಕೊಲೆಯ ಕಥೆಗಳು, ಕೊನೆಯ ಪುಟದವರೆಗೆ ಉಸಿರು ಬಿಗಿಹಿಡಿಸುವ ಥ್ರಿಲ್ಲರುಗಳು. ಆ ಕಾದಂಬರಿಗಳಲ್ಲಿ ಒಂದನ್ನೂ ಅವರು ಓದಿಲ್ಲ. ಓದಿದವಳು ನಾನು. ಇಷ್ಟನ್ನು ಬರೆಯಲು ನನಗೆ ಇಷ್ಟು ಕಾಲ ಬೇಕಾಯಿತು.

ಅದು ಶುರುವಾದದ್ದು ಹೀಗೆ. ಪುರವಣಿಯ ಸಂಪಾದಕರು ಇವರ ಹಳೆಯ ವಿದ್ಯಾರ್ಥಿ. ಇವರು ನಿವೃತ್ತರಾದ ಮೇಲೆ ಒಂದು ಸಂಜೆ ಅವರು ಮೂಸಂಬಿ ಹಿಡಿದುಕೊಂಡು ಮನೆಗೆ ಬಂದರು. "ಈಗಿನ ಹುಡುಗ್ರು ಫ್ಯಾಂಟಸಿ, ರೊಮ್ಯಾನ್ಸು, ಥ್ರಿಲ್ಲರ್ರು ಅಂತ ಮುಗಿಬಿದ್ದು ಓದ್ತಾ ಇದಾರೆ ಸಾರ್. ನಿಮ್ಮಂಥವ್ರು ಅದ್ರ ಬಗ್ಗೆ ಬರೆದ್ರೆ ಒಂದು ತೂಕ ಬರುತ್ತೆ" ಎಂದರು. ರಾಜಾಜಿನಗರದ ಕಾಲೇಜಿನಲ್ಲಿ ಜೀವಮಾನವೆಲ್ಲ ಹಳಗನ್ನಡ ಪಾಠ ಮಾಡಿದವರು ನನ್ನ ಗಂಡ. ಮುಖ ಹುಳ್ಳಗೆ ಮಾಡಿಕೊಂಡರು. ಅಂಕಣದ ತಲೆಯಲ್ಲಿ ಫೋಟೋ ಹಾಕುತ್ತಾರೆ ಎಂದು ಗೊತ್ತಾದಾಗ ಮುಖ ಸರಿಹೋಯಿತು.

ಪತ್ರಿಕೆಯಿಂದ ಪುಸ್ತಕಗಳ ಮೊದಲ ಕಟ್ಟು ಬಂದ ದಿನ ಮೇಲಿನ ಪುಸ್ತಕದ ಮುಖಪುಟದಲ್ಲಿ ರೆಕ್ಕೆಯಿರುವ ಒಬ್ಬ ಗಂಡಸು ಒಂದು ಹುಡುಗಿಯ ಸೊಂಟ ಹಿಡಿದುಕೊಂಡು ಮೋಡದ ಮೇಲೆ ನಿಂತಿದ್ದ. ಇವರು ಎರಡು ಬೆರಳಲ್ಲಿ ಅದನ್ನು ನನ್ನ ಕಡೆ ತಳ್ಳಿದರು. "ಇದರಲ್ಲಿ ಏನಿದೆ ಅಂತ ನೋಡಿ ಹೇಳು ಕಣೇ" ಎಂದರು. ಇದೇ ಮನುಷ್ಯ ಮದುವೆಯಾದ ಹೊಸದರಲ್ಲಿ ನನ್ನ ಕೈಯಲ್ಲಿದ್ದ ವಾರಪತ್ರಿಕೆಯ ಧಾರಾವಾಹಿಯನ್ನು ನೋಡಿ, ಇಂಥದನ್ನೆಲ್ಲ ಓದಿದರೆ ತಲೆ ಕೆಡುತ್ತದೆ ಎಂದು ಅಟ್ಟಕ್ಕೆ ಹಾಕಿಸಿದ್ದರು. ನಾನು ವಿಜಯನಗರದಲ್ಲಿ ಹುಟ್ಟಿ ಬೆಳೆದವಳು. ನಮ್ಮ ಬೀದಿಯ ಕೊನೆಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಒಂದು ಅಂಗಡಿಯಿತ್ತು. ಅಲ್ಲಿದ್ದ ಪತ್ತೇದಾರಿ ಕಾದಂಬರಿಗಳನ್ನೆಲ್ಲ ಮದುವೆಗೆ ಮುಂಚೆಯೇ ಮುಗಿಸಿದ್ದೆ. ತಲೆ ಕೆಡುವುದಿದ್ದರೆ ಆಗಲೇ ಕೆಟ್ಟಿರಬೇಕಿತ್ತು.

ಓದಿದೆ. ಸುಳ್ಳೇಕೆ ಹೇಳಲಿ, ಹಸಿದವಳ ಹಾಗೆ ಓದಿದೆ. ಕುಕ್ಕರ್ ಕೂಗುವುದನ್ನು ಮರೆತು ಬೇಳೆ ಸೀದು ಹೋಗುವಷ್ಟು ಓದಿದೆ. ಕೆಲವು ಕಳಪೆ ಪುಸ್ತಕಗಳು, ಒಪ್ಪುತ್ತೇನೆ. ಗಂಧರ್ವಲೋಕದ ಅರಸ ಬಂದು ನಿಂತ ಕೂಡಲೇ ನಾಯಕಿಗೆ ಮೈಯೆಲ್ಲ ಮಿಂಚು ಹರಿದು, ಪುಟಗಟ್ಟಲೆ ಹರಿಯುತ್ತಲೇ ಇರುತ್ತಿತ್ತು. ಆದರೆ ಕೆಲವನ್ನು ಬರೆದ ಹುಡುಗಿಯರಿಗೆ ಏನೋ ಗೊತ್ತಿತ್ತು. ಮನೆಯಲ್ಲಿ ಯಾರೂ ನಮ್ಮ ಮಾತು ಕೇಳದಿದ್ದರೆ, ಕೇಳುವವನೊಬ್ಬನನ್ನು ಬೇರೆ ಲೋಕದಿಂದಲಾದರೂ ಕರೆಸಿಕೊಳ್ಳಬೇಕು ಎನ್ನುವುದು ಗೊತ್ತಿತ್ತು.

ಶುಕ್ರವಾರ ತಿಂಡಿಯಾದ ಮೇಲೆ ನಮ್ಮ ಕೆಲಸ. ನಾನು ಊಟದ ಮೇಜಿಗೆ ಸೊಪ್ಪೋ ಹುರುಳಿಕಾಯಿಯೋ ಹಾಕಿಕೊಂಡು ಕೂರುತ್ತಿದ್ದೆ. ಇವರು ಎದುರಿಗೆ ಪ್ಯಾಡು, ಪೆನ್ನು ಹಿಡಿದು ಕೂರುತ್ತಿದ್ದರು. "ಹೂಂ, ಶುರು ಮಾಡು." ನಾನು ಕಥೆ ಹೇಳುತ್ತಿದ್ದೆ. ಎಲ್ಲಿ ಚೆನ್ನಾಗಿದೆ, ಎಲ್ಲಿ ಎಳೆದಿದ್ದಾಳೆ, ಯಾವ ಪಾತ್ರ ಸುಮ್ಮನೆ ಬಂದು ಸುಮ್ಮನೆ ಹೋಗುತ್ತದೆ, ಎಲ್ಲವನ್ನೂ ಹೇಳುತ್ತಿದ್ದೆ. ಅವರು ಬರೆದುಕೊಳ್ಳುತ್ತಿದ್ದರು. ಮೇಲೊಂದು ಪ್ಯಾರಾ ಹಳಗನ್ನಡ ಕಾವ್ಯದ ಬಗ್ಗೆ, ಆಮೇಲೆ ಕಥಾಸಾರ ಮೊದಲಿಂದ ಕೊನೆಯವರೆಗೆ, ಆಮೇಲೆ ನನ್ನ ಮಾತುಗಳು ಅವರ ಭಾಷೆಯಲ್ಲಿ, ಕೊನೆಗೆ 'ಮುಖಪುಟ ಆಕರ್ಷಕವಾಗಿದೆ, ಅಲ್ಲಲ್ಲಿ ಮುದ್ರಣದೋಷಗಳನ್ನು ತಪ್ಪಿಸಬಹುದಿತ್ತು'. ಈ ಕೊನೆಯ ಸಾಲು ಮಾತ್ರ ಪೂರ್ತಿ ಅವರದು. ಪುಸ್ತಕ ತೆರೆಯದೆ ಬರೆಯಬಹುದಾದ ಸಾಲು ಅದೊಂದೇ. ಕಂಪ್ಯೂಟರಿನಲ್ಲಿ ಟೈಪು ಮಾಡಿ ಪತ್ರಿಕೆಗೆ ಕಳಿಸುವುದೂ ನನ್ನ ಕೆಲಸವೇ.

ಮೊದಮೊದಲು ನನಗೆ ಬೇಸರವಿರಲಿಲ್ಲ. ಪುಸ್ತಕ ಸಿಗುತ್ತಿತ್ತು, ಕೇಳುವವರೊಬ್ಬರು ಎದುರಿಗೆ ಕೂರುತ್ತಿದ್ದರು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಅವರು ನನ್ನ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿದ್ದು ಆ ಶುಕ್ರವಾರಗಳಲ್ಲಿ ಮಾತ್ರ. ಅಷ್ಟಕ್ಕೇ ನಾನು ಹಿಗ್ಗುತ್ತಿದ್ದೆ ಎಂದು ನೆನೆದರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಬೇಸರ ಶುರುವಾದದ್ದು ರಾಜಾಜಿನಗರದ ಒಂದು ಸಭೆಯಲ್ಲಿ. ಮಾಯಾಲೋಕದ ಪ್ರೇಮಕಥೆ ಬರೆದ ಹುಡುಗಿಯೊಬ್ಬಳ ಎರಡನೆಯ ಪುಸ್ತಕದ ಬಿಡುಗಡೆ. ಇವರು ಅಧ್ಯಕ್ಷರು. ಮೊದಲ ಪುಸ್ತಕಕ್ಕೆ ಇವರು ಬರೆದ ವಿಮರ್ಶೆಯಲ್ಲಿ ಒಂದು ಸಾಲಿತ್ತು: 'ಈ ನಾಯಕಿ ಹಾರುವುದನ್ನು ಕಲಿಯಲು ಹೋದವಳಲ್ಲ, ಇಳಿಯಲು ಜಾಗ ಹುಡುಕಿಕೊಂಡು ಹೋದವಳು'. ಮೆಂತ್ಯದ ಸೊಪ್ಪು ಬಿಡಿಸುತ್ತಾ ನಾನು ಹೇಳಿದ ಮಾತು ಅದು. ಆ ಹುಡುಗಿ ಮೈಕಿನ ಮುಂದೆ ಅದನ್ನು ಬಾಯಿಪಾಠವಾಗಿ ಒಪ್ಪಿಸಿ, ಈ ಒಂದು ಸಾಲಿಗಾಗಿ ನಾನು ಸಾರ್‌ಗೆ ಋಣಿ ಎಂದು ಕಣ್ಣೊರೆಸಿಕೊಂಡಳು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಇವರು ತಲೆ ತಗ್ಗಿಸಿ, ವಿನಯದಿಂದ ಕೈ ಮುಗಿದರು.

ಆಮೇಲೆ ಸನ್ಮಾನ. ನಮ್ಮ ಸಭೆಗಳಲ್ಲಿ ದೊಡ್ಡವರಿಗೆ ಶಾಲು ಹೊದಿಸುವಾಗ ಹೆಂಡತಿಯನ್ನೂ ವೇದಿಕೆಗೆ ಕರೆಯುವುದೊಂದು ಪದ್ಧತಿ. "ಸಾರ್ ಅವರ ಸಾಧನೆಗೆ ಬೆನ್ನೆಲುಬಾಗಿರೋ ಅವರ ಧರ್ಮಪತ್ನಿಯವರೂ ವೇದಿಕೆಗೆ ಬರಬೇಕು" ಎಂದು ನಿರೂಪಕಿ ಕರೆದಳು. ಹೋದೆ. ಅವರಿಗೆ ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಫಲಕ. ನನಗೆ ಅರಿಶಿನ ಕುಂಕುಮ, ಒಂದು ಮೊಳ ಮಲ್ಲಿಗೆ, ಒಂದು ರವಿಕೆ ಕಣ. ಫೋಟೋ ತೆಗೆಯುವಾಗ ಹಣ್ಣಿನ ಬುಟ್ಟಿಯನ್ನು ನನ್ನ ಕೈಗೆ ದಾಟಿಸಿದರು, ಅವರ ಕೈ ಫಲಕ ಹಿಡಿಯಬೇಕಾಗಿತ್ತಲ್ಲ. ಆ ಫೋಟೋ ನಮ್ಮ ಹಾಲಿನ ಗೋಡೆಯ ಮೇಲಿದೆ. ನನ್ನ ಮುಖದ ಅರ್ಧ ಅನಾನಸಿನ ಎಲೆಗಳ ಹಿಂದೆ ಇದೆ.

ಆಟೋದಲ್ಲಿ ವಾಪಸ್ ಬರುವಾಗ ಕೇಳಿದೆ. "ರೀ, ಅಂಕಣದ ಕೆಳಗೆ ನನ್ನ ಹೆಸರೂ ಒಂದು ಸಲ ಹಾಕಬಹುದಲ್ವಾ? ಚಿಕ್ಕದಾಗಿ."

"ಯಾಕೆ?" ಎಂದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದೆ. "ನೀನು ಕಥೆ ಹೇಳ್ತೀಯ ಅಷ್ಟೇ ಕಣೇ. ವಿಮರ್ಶೆ ಬೇರೆ."

ನಾನು ಮತ್ತೆ ಕೇಳಲಿಲ್ಲ.

ಅದಾದ ಮೇಲೆ ಅವರೆಕಾಯಿ ಕಾಲದಲ್ಲಿ ಆ ಥ್ರಿಲ್ಲರ್ ಬಂತು. ಬರೆದವಳು ಮೂಡಲಪಾಳ್ಯದ ಹುಡುಗಿ, ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು ಎಂದು ಹಿಂಬದಿಯಲ್ಲಿ ಬರೆದಿತ್ತು. ಮೊದಲ ಪುಸ್ತಕ. ಕಥೆ ಕೆಂಗೇರಿಯ ಹಳೆಯ ಬೀದಿಯೊಂದರಲ್ಲಿ ನಡೆಯುತ್ತದೆ. ಒಂದೇ ಮನೆತನದ ಅಣ್ಣತಮ್ಮಂದಿರು ಅಕ್ಕಪಕ್ಕದಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಹಿರಿಯಣ್ಣ ತನ್ನ ಹೊಸ ಕಟ್ಟಡದ ನೀರಿನ ಸಂಪಿನಲ್ಲಿ ಹೆಣವಾಗಿ ಸಿಗುತ್ತಾನೆ. ಮಕ್ಕಳ ಮೇಲೆ ಅನುಮಾನ, ಬಾಡಿಗೆದಾರನ ಮೇಲೆ ಅನುಮಾನ, ಮೇಸ್ತ್ರಿಯ ಮೇಲೆ ಅನುಮಾನ. ಕೊನೆಯ ಅಧ್ಯಾಯದವರೆಗೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ನನಗೆ ನಾಲ್ಕನೆಯ ಅಧ್ಯಾಯದಲ್ಲೇ ಗೊತ್ತಾಯಿತು.

ಆ ಅಧ್ಯಾಯದಲ್ಲಿ ಹಾಲು ಹಾಕುವವನೊಬ್ಬ ಬೆಳಿಗ್ಗೆ ಬೀದಿಯಲ್ಲಿ ಹೋಗುತ್ತಾನೆ. ಸುಮ್ಮನೆ ಬೀದಿಯ ವರ್ಣನೆ, ಕಣ್ಣಾಡಿಸಿ ಪುಟ ತಿರುಗಿಸುವಂಥದ್ದು. ಹಿರಿಯಣ್ಣನ ಮನೆಯ ಮುಂದೆ ಎಳೆ ರಂಗೋಲಿ. ಎದುರುಮನೆಯಲ್ಲಿ ಚುಕ್ಕಿ ರಂಗೋಲಿ. ಕೊನೆಯ ತಮ್ಮನ ಮನೆಯ ಮುಂದೆ ಗುಡಿಸಿ, ನೀರು ಹಾಕಿದ ನೆಲ ಒದ್ದೆಯಾಗಿದೆ. ಅಷ್ಟೇ. ಹೆಣ ಸಿಗುವುದು ಅದೇ ದಿನ ಮಧ್ಯಾಹ್ನ. ನಾನು ಪುಸ್ತಕ ಮಡಚಿ ಮಡಿಲಲ್ಲಿಟ್ಟುಕೊಂಡೆ. ಗುಡಿಸಿ ನೀರು ಹಾಕಿದವಳು ರಂಗೋಲಿ ಯಾಕೆ ಹಾಕಲಿಲ್ಲ? ಮನೆತನದಲ್ಲಿ ಸಾವಾದರೆ ಸೂತಕ. ಸೂತಕದ ಮನೆಯ ಬಾಗಿಲಿಗೆ ರಂಗೋಲಿ ಹಾಕುವುದಿಲ್ಲ. ಸಾವು ಯಾರಿಗೂ ಗೊತ್ತಿಲ್ಲದ ಹೊತ್ತಿನಲ್ಲಿ ಆ ಮನೆಯ ಹೆಂಗಸಿಗೆ ಸೂತಕ ಗೊತ್ತಿತ್ತು. ಭಾವನನ್ನು ಸಂಪಿಗೆ ತಳ್ಳಲು ಅವಳಿಗೆ ಕೈ ಬಂತು, ಬೆಳಿಗ್ಗೆ ಎದ್ದು ರಂಗೋಲಿ ಹಾಕಲು ಕೈ ಬರಲಿಲ್ಲ.

ಎಂಥ ಬರವಣಿಗೆ! ದಿನಾ ಬಾಗಿಲ ಮುಂದೆ ಬಗ್ಗಿದ ಹೆಂಗಸೊಬ್ಬಳು ಮಾತ್ರ ಬರೆಯಬಲ್ಲದ್ದು, ಬಗ್ಗಿದ ಇನ್ನೊಬ್ಬಳು ಮಾತ್ರ ಕಾಣಬಲ್ಲದ್ದು. ನೋಡದ ಆ ಹುಡುಗಿಯನ್ನು ಹತ್ತಿರ ಕರೆದು, ಕಂಡೆ ಕಣಮ್ಮ, ನೀನು ಬಚ್ಚಿಟ್ಟಿದ್ದನ್ನ ನಾನು ಕಂಡೆ ಎನ್ನಬೇಕು ಅನಿಸಿತು. ನನ್ನ ಹೆಸರು ಪತ್ರಿಕೆಯಲ್ಲಿ ಬರದಿದ್ದರೆ ಬೇಡ, ಇದೊಂದು ಆ ಹುಡುಗಿಗೆ ತಿಳಿದರೆ ಸಾಕಿತ್ತು.

ಶುಕ್ರವಾರ ಹಿದುಕಿದ ಅವರೆಗೆಂದು ನೆನೆಸಿದ ಕಾಳು ಹಿಸುಕುತ್ತಾ ಇವರಿಗೆ ಎಲ್ಲವನ್ನೂ ಹೇಳಿದೆ. ಉತ್ಸಾಹದಲ್ಲಿ ಕಾಳು ಹಾರಿ ಅವರ ಪ್ಯಾಡಿನ ಮೇಲೆ ಬಿತ್ತು. ರಂಗೋಲಿಯ ಮಾತು ಅವರಿಗೆ ಎರಡು ಸಲ ಬಿಡಿಸಿ ಹೇಳಬೇಕಾಯಿತು. ನಮ್ಮ ಮನೆ ಬಾಗಿಲಿನ ರಂಗೋಲಿಯನ್ನು ಚಪ್ಪಲಿ ಕಾಲಲ್ಲಿ ಅಳಿಸಿಕೊಂಡೇ ವಾಕಿಂಗ್ ಹೋಗುವ ಮನುಷ್ಯ. ಕೊನೆಯಲ್ಲಿ ಹೇಳಿದೆ, "ಕೊಲೆ ಮಾಡಿದ್ದು ಯಾರು ಅಂತ ಮಾತ್ರ ಬರೀಬೇಡಿ. ಓದೋರಿಗೆ ಆಮೇಲೆ ಏನುಳಿಯುತ್ತೆ?"

"ಮಹಾಕಾವ್ಯಗಳ ಕಥೆ ಎಲ್ಲರಿಗೂ ಗೊತ್ತು. ಆದರೂ ಜನ ಓದಲ್ವಾ? ಕಥಾಸಾರ ಕೊಡದಿದ್ರೆ ಅದು ವಿಮರ್ಶೆನೇ ಅಲ್ಲ."

"ಇದು ಮಹಾಕಾವ್ಯ ಅಲ್ಲ ರೀ, ಥ್ರಿಲ್ಲರ್ರು."

"ನನಗೆ ಹೇಳಿಕೊಡಬೇಡ" ಎಂದರು.

ಟೈಪು ಮಾಡುವಾಗ ಆ ವಾಕ್ಯದ ಹತ್ತಿರ ನನ್ನ ಕೈ ನಿಂತಿತು. ಅವರು ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಹಾಕು ಹಾಕು ಎಂದರು. ಭಾನುವಾರ ಅದು ಅಚ್ಚಾಯಿತು: 'ಬಾಗಿಲಿಗೆ ರಂಗೋಲಿ ಹಾಕದ ಕಿರಿಯ ಸೊಸೆಯೇ ಕೊಲೆಗಾತಿ ಎಂಬುದು ಈ ವಿಮರ್ಶಕನ ಸೂಕ್ಷ್ಮ ದೃಷ್ಟಿಗೆ ನಾಲ್ಕನೆಯ ಅಧ್ಯಾಯದಲ್ಲೇ ಗೋಚರಿಸಿತು'. ಮೇಲೆ ಅವರ ಫೋಟೋ, ನಗುತ್ತಿತ್ತು.

ಮುಂದಿನ ಭಾನುವಾರ ಆ ಹುಡುಗಿಯೇ ಮನೆಗೆ ಬಂದಳು. ಗೇಟಿನ ಹತ್ತಿರ ಸ್ಕೂಟಿ ನಿಲ್ಲಿಸಿ, ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದಳು. ಯಾರೆಂದು ಹೇಳಿದ ಕೂಡಲೇ ಗೇಟನ್ನು ಪೂರ್ತಿ ತೆರೆದೆ. ಒಳಗೆ ಕರೆದೆ. ಹಾಲಿನಲ್ಲಿ ಇವರ ಎದುರು ಕೂತಳು. ಜಗಳಕ್ಕೆ ಬಂದವಳಲ್ಲ ಪಾಪ, ಅಳುವುದಕ್ಕೆ ಬಂದವಳು.

"ಸಾರ್, ನೀವು ಬರೆದಿದ್ದು ನನ್ನ ಪುಣ್ಯ ಸಾರ್. ಆದ್ರೆ ಕೊನೆನೇ ಹೇಳ್ಬಿಟ್ರಲ್ಲ. ಎಲ್ಲರೂ ಅದನ್ನ ಫೋಟೋ ತೆಗೆದು ಗ್ರೂಪ್‌ಗಳಿಗೆ ಹಾಕ್ತಾ ಇದಾರೆ. ಇನ್ಯಾಕೆ ಓದ್ಬೇಕು ಅಂತಾರೆ. ಎಷ್ಟು ವರ್ಷ ಡ್ಯೂಟಿ ಮುಗಿಸ್ಕೊಂಡು ಬಂದು ಬರ್ದಿದ್ದೆ ಸಾರ್."

ಇವರು ಕನ್ನಡಕ ಸರಿಮಾಡಿಕೊಂಡರು. ಆಮೇಲೆ ನನ್ನ ಕಡೆ ಕೈ ತೋರಿಸಿದರು.

"ನಾನು ಆ ವಾಕ್ಯ ಹೊಡೆದು ಹಾಕಿದ್ದೆ ಕಣಮ್ಮ. ಅಷ್ಟೂ ಗೊತ್ತಾಗಲ್ವಾ ನನಗೆ? ಟೈಪ್ ಮಾಡೋಳು ಇವಳು. ನೋಡದೆ ಹಾಕ್ಬಿಟ್ಟಿದಾಳೆ. ಇವಳಿಗೆ ಈ ಥ್ರಿಲ್ಲರ್ರು ಗಿಲ್ಲರ್ರು ಎಲ್ಲಿ ತಿಳಿಯುತ್ತೆ?"

ಹುಡುಗಿ ನನ್ನನ್ನು ನೋಡಿದಳು. ಅಷ್ಟು ದಿನದಿಂದ ಯಾರ ಮುಖ ನೋಡಬೇಕು ಎಂದಿದ್ದೆನೋ ಆ ಮುಖ. ಬಾಯಿ ತೆರೆದರೆ ಸಾಕಿತ್ತು. ಆದರೆ ಹೊರಗಿನವರ ಎದುರು ಗಂಡನ ಮಾತು ತೆಗೆದುಹಾಕಬಾರದು ಎಂದು ಅಮ್ಮ ನನ್ನ ಬಾಯಿಗೆ ಹಾಕಿ ಕಳಿಸಿದ ಬೀಗ ಹಾಗೇ ಇತ್ತು. "ನೋಡ್ಕೊಳ್ಳಲಿಲ್ಲ ಕಣಮ್ಮ, ತಪ್ಪಾಯ್ತು" ಎಂದೆ. ಅದು ನನ್ನ ದನಿಯೇ.

"ಪರವಾಗಿಲ್ಲ ಬಿಡಿ ಆಂಟಿ" ಎಂದಳು. ಮನೆಗೆಲಸದವರು ಲೋಟ ಒಡೆದರೆ ಹೇಳುವ ಹಾಗೆ ಹೇಳಿದಳು. ಆಮೇಲೆ ಇವರ ಕಡೆ ತಿರುಗಿ, ಕಣ್ಣಲ್ಲಿ ನೀರಿದ್ದಂತೆಯೇ, "ಸಾರ್, ಆದ್ರೆ ರಂಗೋಲಿ ನೀವು ಹೆಂಗೆ ಹಿಡಿದ್ರಿ? ನಮ್ಮಮ್ಮಂಗೂ ಗೊತ್ತಾಗ್ಲಿಲ್ಲ!" ಎಂದಳು.

"ಅನುಭವ ಅಮ್ಮ" ಎಂದರು ಇವರು.

ನಾನು ಕಾಫಿ ಮಾಡಲು ಒಳಗೆ ಹೋದೆ. ಹಾಲು ಉಕ್ಕಿ ಸ್ಟೌ ಆರಿಹೋಗುವವರೆಗೆ ಅದರ ಮುಂದೆ ನಿಂತಿದ್ದೆ. ಅವಳ ಸ್ಕೂಟಿ ಹೋದ ಸದ್ದು ಕೇಳಿದ ಮೇಲೆ ಹೊರಗೆ ಬಂದು ಕೇಳಿದೆ, "ಯಾಕೆ ಹಂಗಂದ್ರಿ?" ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಇನ್ನೇನು ಹೇಳ್ಬೇಕಿತ್ತು? ನಿನ್ನ ಹೆಸರು ಕೆಟ್ಟರೆ ಏನಾಗುತ್ತೆ ಹೇಳು? ನಿನ್ನನ್ನ ಯಾರು ಬಲ್ಲರು?"

ಅದು ನಿಜವಾದ್ದರಿಂದಲೇ ನನಗೆ ಅಷ್ಟು ಉರಿಯಿತು.

ಮುಂದಿನ ಶುಕ್ರವಾರ ಪ್ಯಾಡು ಹಿಡಿದು ಕೂತರು. "ಓದಿದ್ಯಾ?" ಎಂದರು. ಓದಿದೆ ಎಂದೆ. "ಹೂಂ, ಶುರು ಮಾಡು." "ಚೆನ್ನಾಗಿದೆ" ಎಂದೆ. "ಚೆನ್ನಾಗಿದೆ ಅಂದ್ರೆ? ಕಥೆ ಏನು?" "ಪುಸ್ತಕ ಅಲ್ಲೇ ಇದೆ" ಎಂದು ಹೇಳಿ ಬೀನ್ಸ್ ಹೆಚ್ಚುತ್ತಾ ಕೂತೆ. ಕೂಗಾಡಿದರು. ಆಮೇಲೆ ಪುಸ್ತಕ ತೆಗೆದುಕೊಂಡು ಹೋಗಿ ವರಾಂಡದ ಕುರ್ಚಿಯಲ್ಲಿ ಕೂತರು. ಮೊದಲ ಅಧ್ಯಾಯ ದಾಟಲಿಲ್ಲ, ಕನ್ನಡಕ ಮೂಗಿನ ತುದಿಗಿಳಿದು, ನಿದ್ದೆ ಹೋದರು. ಇನ್ನೂ ಕೆಲವು ಶುಕ್ರವಾರ ಹೀಗೇ ನಡೆಯಿತು. ಕೊನೆಗೆ ಅಂಕಣ ನಿಂತಿತು. ಕಣ್ಣಿನ ತೊಂದರೆಯ ಕಾರಣ ಹಿರಿಯ ವಿಮರ್ಶಕರು ವಿರಾಮ ಪಡೆಯುತ್ತಿದ್ದಾರೆ ಎಂದು ಪತ್ರಿಕೆ ಹಾಕಿತು. ಯಾರ್ಯಾರೋ ಫೋನ್ ಮಾಡಿ ಅವರ ಕಣ್ಣು ವಿಚಾರಿಸಿಕೊಂಡರು. ಯಾರ್ಯಾರೋ ಕ್ಯಾರೆಟ್ ರಸ ಕುಡಿಯಲು ಹೇಳಿದರು. ನಾನು ಆ ರಸವನ್ನೂ ಮಾಡಿ ಕೊಟ್ಟೆ.

ಒಂದು ದಿನ ಧೈರ್ಯ ಮಾಡಿ ಸಂಪಾದಕರಿಗೆ ನಾನೇ ಫೋನ್ ಮಾಡಿದೆ. ಅಂಕಣ ನಾನು ಬರೆಯಲೇ ಎಂದು ಕೇಳಿದೆ. ಅವರು ಮೊದಲು ಸಾರ್ ಕಣ್ಣು ಹೇಗಿದೆ ಎಂದು ವಿಚಾರಿಸಿದರು. ಆಮೇಲೆ ಬಹಳ ಮರ್ಯಾದೆಯಿಂದ, "ಮೇಡಂ, ನಿಮ್ಮ ಮನೆಯ ಹಿದುಕಿದವರೆ ಸಾರು ನಾನು ಇವತ್ತಿಗೂ ಮರೆತಿಲ್ಲ. ಮಹಿಳಾ ಪುಟಕ್ಕೆ ಅಡುಗೆ ಬಗ್ಗೆ ಏನಾದ್ರೂ ಬರ್ಕೊಡಿ" ಎಂದರು. ಆಗಲಿ ಎಂದು ಫೋನಿಟ್ಟೆ. ಪುಸ್ತಕಗಳ ಕಟ್ಟು ಬರುವುದು ನಿಂತಿತು. ಇವರಿಗೆ ಬುದ್ಧಿ ಕಲಿಸಲು ಹೋಗಿ ನನ್ನ ಓದನ್ನೇ ನಾನು ಕಳೆದುಕೊಂಡಿದ್ದೆ. ಇವರಿಗೇನು, ನೆಮ್ಮದಿಯಾಗಿ ಸಭೆಗಳಿಗೆ ಹೋಗಿ ಬರುತ್ತಿದ್ದರು.

ಹೋದ ತಿಂಗಳು ಕೊರಿಯರಿನಲ್ಲಿ ಒಂದೇ ಒಂದು ಪುಸ್ತಕ ಬಂತು. ಮೂಡಲಪಾಳ್ಯದ ಹುಡುಗಿಯ ಎರಡನೆಯ ಥ್ರಿಲ್ಲರ್. ಒಳಗಡೆ ಇವರ ಹೆಸರು ಬರೆದು, ಕೆಳಗೆ ದುಂಡಗಿನ ಅಕ್ಷರದಲ್ಲಿ, 'ರಂಗೋಲಿಯನ್ನು ಕಂಡ ಒಬ್ಬರೇ ಒಬ್ಬ ಓದುಗರಿಗೆ' ಎಂದು ಬರೆದಿದ್ದಳು. ಇವರು ಆ ಪುಟವನ್ನು ನೋಡಿ, ಸಂತೋಷಪಟ್ಟು, ಪುಸ್ತಕವನ್ನು ಟೀವಿಯ ಪಕ್ಕ ಇಟ್ಟರು. ನಾನು ಎರಡು ದಿನದಲ್ಲಿ ಓದಿ ಮುಗಿಸಿದೆ. ಮೊದಲನೆಯದಕ್ಕಿಂತ ಚೆನ್ನಾಗಿದೆ. ಕೊಲೆ ಮಾಡಿದವರು ಯಾರೆಂದು ಈ ಸಲವೂ ಅರ್ಧದಲ್ಲೇ ಹಿಡಿದೆ, ಹೇಗೆಂದು ಇಲ್ಲಿ ಹೇಳುವುದಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಅವಳು ಫೋನ್ ಮಾಡಿದಳು. ಇವರು ಸ್ನಾನಕ್ಕೆ ಹೋಗಿದ್ದರು, ನಾನು ಎತ್ತಿದೆ.

"ಆಂಟಿ, ಸಾರ್ ಇದಾರಾ? ಪುಸ್ತಕ ಸಿಕ್ತಾ? ಸಾರ್ ಓದಿದ್ರಾ?"

ಸ್ನಾನದ ಮನೆಯಲ್ಲಿ ನೀರು ಸುರಿಯುತ್ತಿತ್ತು. ಎದುರಿಗೆ ಯಾರೂ ಇರಲಿಲ್ಲ. ಆ ಬೀಗ ಹೇಗೆ ತೆರೆಯಿತೋ ಗೊತ್ತಿಲ್ಲ.

"ನಾನು ಓದಿದೆ ಕಣಮ್ಮ" ಎಂದೆ. "ಹಿಂದಿನದನ್ನೂ ನಾನೇ ಓದಿದ್ದು. ಆ ಬಾಗಿಲಲ್ಲಿ ರಂಗೋಲಿ ಇಲ್ಲ ಅಂತ ಕಂಡಿದ್ದು ನಾನು. ಸೂತಕ ಅಂತ ಹೊಳೆದಿದ್ದು ನನಗೆ. ಹಾಲಿನವನು ಹೋಗುವಾಗ ನೆಲ ಒದ್ದೆ ಇತ್ತಲ್ಲ, ಅಲ್ಲಿ."

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಆಮೇಲೆ ಅವಳು ನಕ್ಕಳು. ಕೊಂಕಿಲ್ಲದ, ನಿಜಕ್ಕೂ ಪ್ರೀತಿಯ ನಗು.

"ಅಯ್ಯೋ ಆಂಟಿ, ಎಷ್ಟು ಚೆನ್ನಾಗಿ ನೆನಪಿಟ್ಕೊಂಡಿದೀರಾ! ಸಾರ್ ಓದಿದ್ದನ್ನೆಲ್ಲ ನಿಮಗೂ ಕಥೆ ಹೇಳ್ತಾರಾ? ನೀವು ಲಕ್ಕಿ ಆಂಟಿ."

ಸ್ನಾನದ ಮನೆಯಲ್ಲಿ ನೀರು ನಿಂತಿತು. ಇವರು ಟವೆಲ್ ಸುತ್ತಿಕೊಂಡು ಹೊರಗೆ ಬಂದು, ಯಾರದು ಎಂದು ಕಣ್ಣಲ್ಲೇ ಕೇಳಿದರು. ನಾನು ಫೋನು ಅವರ ಕೈಗೆ ಕೊಟ್ಟೆ. "ಓದಿದೆ ಅಮ್ಮ, ಬಹಳ ಆಶಾದಾಯಕವಾಗಿದೆ" ಎಂದರು ಇವರು. "ಮುಖಪುಟವೂ ಚೆನ್ನಾಗಿ ಬಂದಿದೆ."